ಮುಂದೆ ವಿಭೂತಿ, ಹಿಂದೆ ನಾಮ

ನನ್ನ ಅಪ್ಪ ಈಶ್ವರ ಗುಡಿಯ ಪೂಜಾರಿ. ಗುಡಿ ಇದ್ದದ್ದು ಅಡರಕಟ್ಟಿಯ ಹೊಲಗಳ ನಡುವೆ, ನಮ್ಮ ಮನೆ ಇದ್ದದ್ದು ಲಕ್ಷ್ಮೇಶ್ವರದ ಪೇಟೆಯ ಹಿಂದಿನ ಓಣಿಯಲ್ಲಿ. ಗುಡಿಯ ಬಾವಿಯ ನೀರು ಸವುಳು, ಅದರಲ್ಲಿ ಮಿಂದರೆ ಮೈ ತುರಿಸುತ್ತಿತ್ತು. ಆದ್ದರಿಂದ ಅಪ್ಪ ಮನೆಯಲ್ಲೇ ಸ್ನಾನ ಮಾಡಿ, ಮಡಿ ಧೋತರ ಉಟ್ಟು, ಬಿಳಿ ಶಲ್ಯ ಹೊದ್ದು, ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದುಕೊಂಡು ಸೈಕಲ್ ಹತ್ತುತ್ತಿದ್ದ. ಮಡಿಯನ್ನು ಸೈಕಲ್ಲಿನ ಮೇಲೆ ಅಷ್ಟು ದೂರ ಕೆಡದಂತೆ ಒಯ್ಯುವುದೇ ಅವನ ದಿನದ ಮೊದಲ ಪೂಜೆ. ದಾರಿಯಲ್ಲಿ ಪರಿಚಯದವರು ನಿಲ್ಲಿಸಿ ಮಾತಾಡಿಸಲು ಬಂದರೆ ಗಂಟೆ ಬಾರಿಸುತ್ತ ದೂರದಿಂದಲೇ, "ಬರಬ್ಯಾಡ್ರಿ, ಮಡಿ ಐತಿ" ಎನ್ನುತ್ತಿದ್ದ. ಜನ ಹೊಲದೊಳಗೆ ಇಳಿದು ದಾರಿ ಬಿಡುತ್ತಿದ್ದರು.

ಆ ಸೈಕಲ್ಲಿಗೆ ಹಿಂದಿನ ಮಡ್‌ಗಾರ್ಡ್ ಇರಲಿಲ್ಲ. ಅದು ಬಡತನದಿಂದಲ್ಲ, ಬುದ್ಧಿವಂತಿಕೆಯಿಂದ. ನಮ್ಮ ಕಡೆಯ ಕಪ್ಪು ಎರೆ ಮಣ್ಣು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಆ ಮಣ್ಣು ನಾಲ್ಕು ಹನಿ ಬಿದ್ದರೆ ಸಾಕು, ಹೂರಣದಂತಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಮಡ್‌ಗಾರ್ಡ್ ಇದ್ದರೆ ಗಾಲಿಗೂ ಅದಕ್ಕೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ನಮ್ಮ ಊರುಗಳಲ್ಲಿ ಮಳೆಗಾಲ ಬಂದರೆ ಛತ್ರಿ ತೆಗೆಯುವ ಜೊತೆಗೆ ಮಡ್‌ಗಾರ್ಡ್ ಬಿಚ್ಚುವ ರೂಢಿ. ಅಪ್ಪ ಬಿಚ್ಚಿಟ್ಟದ್ದನ್ನು ಮರಳಿ ಹಚ್ಚುವ ಗೋಜಿಗೆ ಹೋಗಿರಲಿಲ್ಲ. ಅದು ಅಟ್ಟದ ಮೇಲೆ ಜೇಡರ ಬಲೆಯೊಳಗೆ ಮಲಗಿತ್ತು.

ನಾನು ಆಗ ಅಡರಕಟ್ಟಿಯ ಶಾಲೆಯಲ್ಲಿ ಬದಲಿ ಟೀಚರ್. ದಿನವೂ ಅಪ್ಪನ ಕ್ಯಾರಿಯರ್ ಮೇಲೆ ಕುಳಿತು ಹೋಗುತ್ತಿದ್ದೆ. ಮಡಿಗೆ ತಾಗಬಾರದೆಂದು ಅಪ್ಪನಿಗೂ ನನಗೂ ನಡುವೆ ಹೂವಿನ ಬುಟ್ಟಿ ಇರುತ್ತಿತ್ತು. ನಾನು ಕ್ಯಾರಿಯರಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂರಬೇಕು. ಮಳೆಗಾಲದಲ್ಲಿ ಶಾಲೆ ಮುಟ್ಟುವಷ್ಟರಲ್ಲಿ ನನ್ನ ಸೀರೆಯ ಹಿಂಭಾಗ ಎರೆ ಹೊಲದಂತಾಗಿರುತ್ತಿತ್ತು. ನಾನು ಮಕ್ಕಳಿಗೆ ಬೆನ್ನು ತೋರಿಸದೆ ಕರಿಹಲಗೆಯ ಮೇಲೆ ಬರೆಯುವುದನ್ನು ಕಲಿತದ್ದು ಆಗ. ಇದು ಯಾರಿಗೂ ಒಂದು ಸಮಸ್ಯೆ ಎನಿಸಿರಲಿಲ್ಲ. ಅಪ್ಪನಂತೂ ಬಲು ಅಚ್ಚುಕಟ್ಟಾಗಿ ಸೈಕಲ್ ಹೊಡೆಯುತ್ತೇನೆಂದೇ ತಿಳಿದಿದ್ದ. "ಇಷ್ಟು ಮಳಿ ಆದ್ರೂ ನನ್ನ ಮ್ಯಾಲ ಒಂದು ಹನಿ ರಾಡಿ ಬಿದ್ದಿಲ್ಲ ನೋಡು" ಎಂದು ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದ. ಅವ್ವ ನನ್ನ ಸೀರೆಯನ್ನು ಬಕೆಟ್ಟಿಗೆ ಹಾಕುತ್ತಿದ್ದಳು.

ಅಷ್ಟರಲ್ಲಿ ಗದಗ ಜಿಲ್ಲೆಯಾಯಿತು. ಲಕ್ಷ್ಮೇಶ್ವರ ಆಗಿನ್ನೂ ಶಿರಹಟ್ಟಿ ತಾಲೂಕಿನೊಳಗಿತ್ತು, ಆ ಮಾತು ಬೇರೆ. ಆದರೆ ಧಾರವಾಡದ ತನಕ ಹೋಗುತ್ತಿದ್ದ ಕಾಗದಗಳೆಲ್ಲ ಗದುಗಿಗೆ ಬರತೊಡಗಿದವು. ಕಾಗದ ಬಂದ ಮೇಲೆ ಅವನ್ನು ಕಡತಕ್ಕೆ ಹಚ್ಚಿ ಇಡುವವರೂ ಬೇಕಲ್ಲ, ನನಗೂ ಒಂದು ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕಿತು. ಬೆಟಗೇರಿಯಲ್ಲಿದ್ದ ಚಿಗವ್ವನ ಮನೆಯಲ್ಲಿ ಉಳಿದುಕೊಂಡೆ. ಶನಿವಾರ ಸಂಜೆ ಬಸ್ಸು ಹಿಡಿದು ಮನೆಗೆ ಬಂದು, ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು. ಕ್ಯಾರಿಯರ್ ಖಾಲಿಯಾಯಿತು.

ಮರುವರ್ಷ ಶ್ರಾವಣದ ಮಳೆ ಜೋರಾಗಿ ಹಿಡಿಯಿತು. ಒಂದು ಸೋಮವಾರ ಗುಡಿಯಲ್ಲಿ ಜನ ಕಿಕ್ಕಿರಿದಿದ್ದರು. ಅಪ್ಪ ಲಿಂಗದ ಕಡೆ ಮುಖ ಮಾಡಿ ಮಂಗಳಾರತಿ ಎತ್ತಿದ. ಹಿಂದೆ ನಿಂತ ಹೆಂಗಸರ ನಡುವಿನಿಂದ ಕಿಸಕ್ಕೆಂದು ನಗೆ ಕೇಳಿಸಿತು. ಮತ್ತೊಂದು ನಗೆ. ಅಪ್ಪ ಮಂತ್ರ ನಿಲ್ಲಿಸುವಂತಿಲ್ಲ, ತಿರುಗಿ ನೋಡುವಂತಿಲ್ಲ. ಪೂಜೆ ಮುಗಿಸಿ ತೀರ್ಥ ಕೊಡಲು ಬಂದಾಗ ಊರಿನ ಹಿರಿಯ ಗೌಡರು ಅಂಗೈ ಒಡ್ಡಿಕೊಂಡೇ ಹೇಳಿದರು.

"ಅಯ್ಯಾರ, ತಪ್ಪ ತಿಳೀಬ್ಯಾಡ್ರಿ. ಮುಂದಿಂದ ನೋಡಿದ್ರ ನೀವು ಶಿವನ ಕಡಿ ಅದೀರಿ. ಹಿಂದಿಂದ ನೋಡಿದ್ರ ವಿಷ್ಣುನ ಕಡಿ ಹೋಗೀರಿ. ಯಾವುದಾರ ಒಂದು ಗಟ್ಟಿ ಮಾಡ್ರಿ."

ಅಪ್ಪನಿಗೆ ತಿಳಿಯಲಿಲ್ಲ. ಮನೆಗೆ ಬಂದು ಶಲ್ಯ ತೆಗೆದು ಹರವಿದಾಗ ತಿಳಿಯಿತು. ನಡುಬೆನ್ನಿನಿಂದ ಕುತ್ತಿಗೆಯ ತನಕ ಕಪ್ಪು ಮಣ್ಣಿನ ಒಂದು ಉದ್ದ ಗೆರೆ, ಅಯ್ಯಂಗಾರರು ಹಾಕಿದಷ್ಟು ನೇರ. ಎದೆಯ ಮೇಲೆ ವಿಭೂತಿಯ ಅಡ್ಡ ಪಟ್ಟಿಗಳು ಹಾಗೆಯೇ ಇದ್ದವು. ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಯಾರೂ ನಾಮ ಹಾಕಿದವರಲ್ಲ. ಅಪ್ಪ ಶಲ್ಯವನ್ನು ಅವ್ವನ ಮುಂದೆ ಹಿಡಿದ.

"ಇದು ಎಲ್ಲಿಂದ ಬಂತು?" ಎಂದ.

"ಮಗಳು ಇರೂ ಮಟಾ ಆಕಿ ಸೀರಿಗೆ ಬರ್ತಿತ್ತು" ಎಂದಳು ಅವ್ವ. "ಈಗ ನಿಮಗ ಬಂದೇತಿ. ಅದಕ್ಕ ಸುದ್ದಿ ಆಗೇತಿ."

ಮುಂದಿನ ಶನಿವಾರ ನಾನು ಬಂದಾಗ ಅಟ್ಟದ ಮೇಲಿನ ಮಡ್‌ಗಾರ್ಡ್ ಕೆಳಗಿಳಿದಿತ್ತು. ಅದನ್ನು ತೊಳೆದು ಅಪ್ಪ ಸೈಕಲ್ ಮಿಸ್ತ್ರಿಯ ಅಂಗಡಿಗೆ ಒಯ್ದಿದ್ದ. ಮಿಸ್ತ್ರಿ ನಮ್ಮ ಓಣಿಯ ತುದಿಯಲ್ಲಿದ್ದ ಸಾಬರು, ಅಪ್ಪನ ಜೊತೆ ಕನ್ನಡ ಶಾಲೆ ಕಲಿತವರು. ನಾನು ಕಾಕಾ ಎನ್ನುತ್ತಿದ್ದೆ. ಸೈಕಲ್ಲಿನ ಜೊತೆಗೆ ಸ್ಟೋವು, ಪೀಪಿ, ಹೊಲಿಗೆಯ ಮಷೀನು, ಮದುವೆಯ ಮೈಕು, ಎಲ್ಲಕ್ಕೂ ಕೈ ಹಾಕುತ್ತಿದ್ದರು. ಎಲ್ಲವೂ ದುರಸ್ತಿಯಾಗುತ್ತಿದ್ದವು ಎಂದು ಹೇಳಲಾರೆ. ಕೆಟ್ಟರೆ ಅದಕ್ಕೆ ಕಾರಣ ಯಾವಾಗಲೂ ಬೇರೆಯವರೇ. ಸ್ಟೋವು ಕೆಟ್ಟರೆ ಎಣ್ಣೆಯದು ತಪ್ಪು, ಮೈಕು ಕೆಟ್ಟರೆ ಹಾಡಿದವರದು.

ಮೊದಲ ಸಲ ಅವರು ಮಡ್‌ಗಾರ್ಡನ್ನು ಇದ್ದಂತೆಯೇ ಹಚ್ಚಿದರು. ಫಲ ಇಬ್ಬರಿಗೂ ಗೊತ್ತಿದ್ದದ್ದೇ. ಆದರೂ, "ಈ ವರ್ಷದ ಮಣ್ಣು ಮೆತ್ತಗೈತಿ, ನಡೀತೈತಿ" ಎಂದು ಮಿಸ್ತ್ರಿ ಧೈರ್ಯ ಹೇಳಿದರಂತೆ. ಡಾಂಬರ್ ರಸ್ತೆ ಇರುವವರೆಗೆ ನಡೆಯಿತು. ಹೊಲದ ದಾರಿಗೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಲಿ ನಿಂತಿತು. ಅಪ್ಪ ಜಾಲಿ ಕಡ್ಡಿ ಮುರಿದು ಮಣ್ಣು ಕೆದರಿದ. ಮತ್ತೆ ಹತ್ತಿದ, ಮತ್ತೆ ನಿಂತಿತು. ಪೂಜೆಯ ಹೊತ್ತು ಮೀರುತ್ತಿತ್ತು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಗುಡಿಗೆ ಹೋದ. ಅವತ್ತು ಬೆನ್ನಿಗೆ ಒಂದೇ ಗೆರೆ ಇರಲಿಲ್ಲ, ಎರಡು ಗಾಲಿಯ ಪೂರಾ ಮಣ್ಣು ಇತ್ತು. ಗೌಡರು ಕಟ್ಟೆಯ ಮೇಲಿಂದ ನೋಡಿ, "ಇವತ್ತು ಸೈಕಲ್ಲು ಅಯ್ಯಾರ್ನ ಹತ್ತಿ ಬಂದೈತಿ" ಎಂದರಂತೆ.

ಅಪ್ಪನಿಗೆ ಹಟ ಬಂತು. ಮಿಸ್ತ್ರಿಗೂ ಬಂತು. ಇಬ್ಬರೂ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತ ಯೋಚಿಸಿದರು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಸಾಲದು, ಜಾಗ ಬಿಟ್ಟರೆ ಮಣ್ಣು ತಾನಾಗಿ ಉದುರುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಇದು ಒಳ್ಳೆಯ ವಿಚಾರವೇ. ಮಿಸ್ತ್ರಿ ಮಡ್‌ಗಾರ್ಡ್ ಹಿಡಿದು ನಿಲ್ಲಿಸುವ ಕಡ್ಡಿಗಳ ಬದಲು ಉದ್ದನೆಯ ಸರಳು ಹಾಕಿ ಅದನ್ನು ಗಾಲಿಯಿಂದ ಗೇಣುದ್ದ ಮೇಲೆ ಎತ್ತಿದರು. ಕ್ಯಾರಿಯರನ್ನೂ ಎತ್ತಬೇಕಾಯಿತು. ಹಿಂದಿನಿಂದ ನೋಡಿದರೆ ಸೈಕಲ್ಲು ತಲೆಯ ಮೇಲೆ ಸೆರಗು ಹೊದ್ದ ಮುದುಕಿಯ ಹಾಗೆ ಕಾಣುತ್ತಿತ್ತು.

ಮಣ್ಣು ನಿಜವಾಗಿಯೂ ಸಿಕ್ಕಿಕೊಳ್ಳಲಿಲ್ಲ. ಬೆನ್ನಿಗೆ ನಾಮವೂ ಬೀಳಲಿಲ್ಲ. ಆದರೆ ಅಷ್ಟು ಉದ್ದದ ಸರಳುಗಳ ಮೇಲೆ ನಿಂತ ತಗಡು ಒಂದೊಂದು ತಗ್ಗಿಗೂ ಢಣಢಣ ಎನ್ನುತ್ತಿತ್ತು. ಅಪ್ಪ ಹೊರಟರೆ ಓಣಿಯ ನಾಯಿಗಳೆಲ್ಲ ಊರ ಹೊರಗಿನ ತನಕ ಕಳಿಸಿಕೊಟ್ಟು ಬರುತ್ತಿದ್ದವು. ಅಡರಕಟ್ಟಿಯ ಹೆಂಗಸರಿಗೆ ಮಾತ್ರ ಅನುಕೂಲವಾಯಿತು, ದೂರದಿಂದ ಸದ್ದು ಕೇಳಿದ ಮೇಲೆ ಎದ್ದು ನೈವೇದ್ಯಕ್ಕೆ ಒಲೆ ಹಚ್ಚಿದರೂ ನಡೆಯುತ್ತಿತ್ತು. ಮಿಸ್ತ್ರಿ, "ಗುಡಿಗೆ ಗಂಟಿ ಬೇರೆ ಬ್ಯಾಡ ಇನ್ನ" ಎಂದು ಅದನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

ಉಳಿದದ್ದು ಹಿಂದೆ ಬರುವವರ ಪಾಡು. ಮಡ್‌ಗಾರ್ಡ್ ಮೇಲೆ ಹೋದದ್ದರಿಂದ ಅದರ ತುದಿಯೂ ಮೇಲೆ ಹೋಗಿ, ಗಾಲಿ ಎರಚಿದ ರಾಡಿಯೆಲ್ಲ ಹಿಂದಕ್ಕೆ ಹಾರುತ್ತಿತ್ತು. ಅದಕ್ಕೆ ತುದಿಯಲ್ಲಿ ಒಂದು ರಬ್ಬರ್ ಪಟ್ಟಿ ಜೋತುಬಿಡುವುದೆಂದು ಆಯಿತು. ಅಪ್ಪ ಅದಕ್ಕೆ ಬಾಲ ಎಂದು ಹೆಸರಿಟ್ಟ. ಮಿಸ್ತ್ರಿಯ ಹತ್ತಿರ ಚಕ್ಕಡಿಯ ಹಳೆ ಟಾಯರಿನ ತುಂಡಿತ್ತು. ದಪ್ಪ, ಭಾರ, ಯಾವ ಮಗ್ಗುಲಿಗೂ ಬಗ್ಗದಂಥದ್ದು. "ಬಾಲ ಉದ್ದ ಇದ್ದಷ್ಟೂ ಚಲೋ" ಎಂದು ನೆಲ ತಾಗುವಷ್ಟು ಬಿಟ್ಟರು.

ಅದರ ಮೇಲೆ ಏನಾದರೂ ಬರೆಯಬೇಕೆಂದು ಮಿಸ್ತ್ರಿಗೆ ಆಸೆ. ಬಿಳಿ ಬಣ್ಣದ ಡಬ್ಬಿ ಹಿಡಿದು, "ಓಂ ಬರೀಲೇನು?" ಎಂದರು.

"ಓಂ ಮ್ಯಾಲ ರಾಡಿ ಬೀಳೂದಿಲ್ಲೇನಲೇ?" ಎಂದ ಅಪ್ಪ.

"ಹಂಗಾರ ಲಿಂಗ?"

"ಅದಕ್ಕೂ ರಾಡಿನ."

ಕೊನೆಗೆ ಒಂದು ಎತ್ತಿನ ಮುಖ ಬರೆಯುವುದೆಂದು ಒಪ್ಪಿಕೊಂಡರು. ಎತ್ತು ಎರೆ ಮಣ್ಣಿನಲ್ಲಿ ದುಡಿದ ಪ್ರಾಣಿ, ಅದಕ್ಕೆ ರಾಡಿ ಹೊಸದಲ್ಲ, ಜೊತೆಗೆ ಶಿವನಿಗೆ ಬೇಕಾದದ್ದು. ಮಿಸ್ತ್ರಿ ಬರೆದ ಎತ್ತು ಕಿವಿ ಸಣ್ಣದಾಗಿ, ಮೂಗು ದೊಡ್ಡದಾಗಿ, ಅವ್ವನ ಕಣ್ಣಿಗೆ ಬೆಕ್ಕಿನಂತೆ ಕಂಡಿತು. "ಅಡ್ಡ ಹೋಗೂ ಬೆಕ್ಕನ್ನ ಬೆನ್ನಿಗೆ ಕಟ್ಕೊಂಡು ಹೊಂಟೀರಲ್ಲ" ಎಂದಳು.

ಆ ಬಾಲದ ಅನಾಹುತ ನನ್ನ ಕಣ್ಣೆದುರೇ ನಡೆಯಿತು. ಭಾನುವಾರ ಬೆಳಿಗ್ಗೆ. ಅಪ್ಪ ಸೈಕಲ್ಲನ್ನು ಪಡಸಾಲೆಯಿಂದ ಹಿಮ್ಮುಖವಾಗಿ ಹೊರಗೆ ಎಳೆಯುತ್ತಿದ್ದ. ಗಾಲಿ ಹಿಂದಕ್ಕೆ ಉರುಳಿ ಬಾಲದ ತುದಿಯನ್ನು ಕೆಳಗೆ ಹಾಕಿಕೊಂಡಿತು. ಬಾಲ ಮಡ್‌ಗಾರ್ಡನ್ನು ಎಳೆಯಿತು, ಮಡ್‌ಗಾರ್ಡ್ ಗಾಲಿಯೊಳಗೆ ಸೇರಿತು, ಗಾಲಿ ಕಚ್ಚಿ ನಿಂತಿತು. ಅಪ್ಪ ಮಾತ್ರ ನಿಲ್ಲಲಿಲ್ಲ. ಹೊಸ್ತಿಲು ದಾಟಿ, ಮೆಟ್ಟಿಲ ಮೇಲಿಟ್ಟಿದ್ದ ಹೂವಿನ ಬುಟ್ಟಿಯ ಮೇಲೆ ಕುಳಿತುಬಿಟ್ಟ. ಚೆಂಡು ಹೂವೆಲ್ಲ ಧೋತರಕ್ಕೆ ಮೆತ್ತಿಕೊಂಡವು. ಅವ್ವ ಒಳಗಿನಿಂದ ಓಡಿ ಬಂದು ಅವನನ್ನು ನೋಡಿ, ಬಾಯಿಗೆ ಸೆರಗು ಹಿಡಿದು ಮತ್ತೆ ಒಳಗೆ ಹೋದಳು. ಅಳು ಬಂತೋ ನಗು ಬಂತೋ ಎಂದು ನಾನು ಹಿಂದೆ ಹೋಗಿ ನೋಡಿದೆ. ನಗುತ್ತಿದ್ದಳು.

ಮಿಸ್ತ್ರಿ ಬಂದು ತಗಡು ನೆಟ್ಟಗೆ ಮಾಡಿಕೊಟ್ಟರು. "ಸೈಕಲ್ಲಿರೂದು ಮುಂದ ಹೋಗಾಕ. ಹಿಂದ ಜಗ್ಗಂತ ನಾ ಹೇಳಿದ್ನೇನು?" ಎಂದು ಅಪ್ಪನಿಗೇ ಬೈದರು. ಬಾಲವನ್ನು ಅರ್ಧಕ್ಕೆ ಕತ್ತರಿಸಿದರು. ಎತ್ತಿನ ಬಾಯಿ ಮೂಗು ಹೋಗಿ ಕಣ್ಣು ಕೊಂಬು ಉಳಿದವು.

ಇದಾದ ಕೆಲವು ದಿನಗಳಿಗೆ ನಮ್ಮ ಕಚೇರಿಯ ಸಾಹೇಬರು ಅಡರಕಟ್ಟಿ ಶಾಲೆಯ ಸೋರುವ ಮಾಡು ನೋಡಲು ಹೊರಟರು. ಹೊಸ ಜಿಲ್ಲೆಯ ಹುರುಪಿನಲ್ಲಿ ಆಗ ಎಲ್ಲ ಸಾಹೇಬರೂ ಎಲ್ಲವನ್ನೂ ಕಣ್ಣಾರೆ ನೋಡುತ್ತಿದ್ದರು. ಇವರು ಮೈಸೂರು ಕಡೆಯವರು, ಮೃದು ಮಾತಿನವರು. ಬಿಳಿ ಪ್ಯಾಂಟು, ಬಿಳಿ ಬೂಟು. ಆ ಶಾಲೆ ನನಗೆ ಗೊತ್ತೆಂದು ನನ್ನನ್ನೂ ಕರೆದುಕೊಂಡರು. ನಾನು ಹೊರಡುವ ಮೊದಲೇ, "ಸರ್, ಒಳಗಿನ ದಾರಿ ಎರಿ ಮಣ್ಣಿಂದು, ಜೀಪ್ ಹೋಗೂದಿಲ್ರಿ" ಎಂದೆ. "ಜೀಪು ಎಲ್ಲಾ ಕಡೆ ಹೋಗುತ್ತಮ್ಮ" ಎಂದರು. ಹೊಲದ ದಾರಿಗೆ ಇಳಿದ ಕೂಡಲೆ ಜೀಪು ಎಮ್ಮೆ ಕೆರೆಯಲ್ಲಿ ಕೂತಂತೆ ಕೂತಿತು. ಡ್ರೈವರ್ ಒತ್ತಿದಷ್ಟೂ ಇಳಿಯಿತು.

ಸಾಹೇಬರು ಬಾಗಿಲು ತೆರೆದು ಒಂದು ಬೂಟನ್ನು ಕೆಳಗೆ ಇಳಿಬಿಟ್ಟು, ನೋಡಿ, ಮತ್ತೆ ಒಳಗೆ ಎಳೆದುಕೊಂಡರು. ಅಷ್ಟರಲ್ಲಿ ದೂರದಿಂದ ಢಣಢಣ ಸದ್ದು ಕೇಳಿಸಿತು. ಪೂಜೆ ಮುಗಿಸಿ ಅಪ್ಪ ಮರಳುತ್ತಿದ್ದ.

ಪೂಜೆ ಮುಗಿದ ಮೇಲೆ ಮಡಿಯ ಚಿಂತೆ ಇರಲಿಲ್ಲ. ಅಪ್ಪ ಇಳಿದು ಸಾಹೇಬರಿಗೆ ಕೈ ಮುಗಿದು, ನನ್ನನ್ನು ನೋಡಿಯೂ ನೋಡದಂತೆ, "ಕುಂಡ್ರಿ ಸಾಹೇಬ್ರ, ಶಾಲಿಗೆ ಮುಟ್ಟಸ್ತೀನಿ" ಎಂದ.

"ಇದು ತಡ್ಕೊಳ್ಳುತ್ತಾ?" ಸಾಹೇಬರು ಆ ಎತ್ತರದ ಕ್ಯಾರಿಯರನ್ನೂ ಅರ್ಧ ಎತ್ತನ್ನೂ ನೋಡಿದರು.

"ಹೊಸಾದು ಮಾಡೇವ್ರಿ. ಒಂದು ಹನಿ ಸಿಡಿಯೂದಿಲ್ಲ."

"ಪ್ಯಾಂಟಿಗೆ?"

"ಪ್ಯಾಂಟಿಗೂ ಇಲ್ರಿ."

ಸಾಹೇಬರು ಹತ್ತಿ ಕುಳಿತರು. ಕ್ಯಾರಿಯರ್ ಎತ್ತರವಿದ್ದದ್ದರಿಂದ ಅವರ ತಲೆ ಅಪ್ಪನ ತಲೆಗಿಂತ ಮೇಲೆ ಬಂತು. ನಾನು ಕಡತಗಳನ್ನು ಎದೆಗೆ ಅವಚಿಕೊಂಡು ಹಿಂದೆ ನಡೆದೆ. ಡ್ರೈವರ್ ಜಾಣ, ಹೊಲದ ಬದುವಿನ ಮೇಲೆ ದೂರದಲ್ಲಿ ನಡೆಯುತ್ತಿದ್ದ. ಅಪ್ಪ ಸಾಹೇಬರಿಗೆ ತನ್ನ ಕೈಚಳಕ ತೋರಿಸಬೇಕೆಂದು ಜೋರಾಗಿ ತುಳಿದ. ಮೊದಲ ಮಣ್ಣಿನ ಹೆಂಟೆ ನನ್ನ ಹಣೆಗೆ ಬಂತು. ಎರಡನೆಯದು ಕಡತಕ್ಕೆ. ಆಮೇಲೆ ನಾನು ಎಣಿಸಲಿಲ್ಲ. ನಿಂತರೆ ಸಾಹೇಬರಿಂದ ಹಿಂದೆ ಉಳಿಯುತ್ತೇನೆ, ನಡೆದರೆ ಮಣ್ಣು ಬರುತ್ತದೆ. ಹೊಸ ನೌಕರಿಯ ನಿಷ್ಠೆ, ನಡೆದೆ.

ಶಾಲೆಯ ಮುಂದೆ ಹೆಡ್‌ಮಾಸ್ತರರು ಮಾಲೆ ಹಿಡಿದು ನಿಂತಿದ್ದರು. ಸಾಹೇಬರು ಇಳಿದು, ಹಿಂದೆ ಮುಂದೆ ತಿರುಗಿ ತಮ್ಮ ಬಟ್ಟೆ ನೋಡಿಕೊಂಡರು. ಒಂದು ಚುಕ್ಕೆಯೂ ಇಲ್ಲ. "ಅಯ್ಯನೋರೆ, ನಿಮ್ಮ ಸೈಕಲ್ಲು ನಮ್ಮ ಜೀಪಿಗಿಂತ ವಾಸಿ" ಎಂದರು. ಅಪ್ಪನ ಮುಖ ಅರಳಿತು. ಆಗ ನಾನು ಮುಟ್ಟಿದೆ. ಹೆಡ್‌ಮಾಸ್ತರರು, ನಾನು ಅವರ ಕೈಕೆಳಗೆ ಅಷ್ಟು ದಿನ ಪಾಠ ಮಾಡಿದ್ದೆ, ನನ್ನನ್ನು ದಿಟ್ಟಿಸಿ ನೋಡಿ, "ಈ ಅಕ್ಕಾರು ಯಾರ್ರಿ?" ಎಂದು ಸಾಹೇಬರನ್ನು ಕೇಳಿದರು.

ಸಾಹೇಬರು ನನ್ನನ್ನು ನೋಡಿ ದಂಗಾದರು. "ಬಿದ್ರೇನಮ್ಮಾ?" ಎಂದರು. ಬಿದ್ದೆ ಎಂದೆ. ಮತ್ತೇನು ಹೇಳಲಿ, ಅಪ್ಪ ಪಕ್ಕದಲ್ಲೇ ನಿಂತಿದ್ದ.

ಅಪ್ಪ ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ಅವನು ನನ್ನನ್ನು ಪಕ್ಕಕ್ಕೆ ಕರೆದು, ಮೇಲಿನಿಂದ ಕೆಳಗಿನ ತನಕ ನೋಡುತ್ತ, ದನಿ ತಗ್ಗಿಸಿ ಕೇಳಿದ.

"ಎಷ್ಟು ದೂರ ಇದ್ದಿ, ರಾಡಿ ಹತ್ತಬೇಕಾದ್ರ?"

"ನಾಕೈದು ಮಾರು."

"ಎಡಕ್ಕ ಜಾಸ್ತಿ ಸಿಡಿದೈತಿ. ಬಲಕ್ಕ ಕಡಿಮಿ. ಯಾಕಿರಬೇಕು?" ಸ್ವಲ್ಪ ಯೋಚಿಸಿದ. "ಸೀರಿ ತೊಳೀಬ್ಯಾಡ. ಮಿಸ್ತ್ರಿಗೆ ತೋರಸೂಣು."

ಹೀಗೆ ಅವತ್ತು ಮಧ್ಯಾಹ್ನ ಸಾಹೇಬರು ಜೀಪು ಎತ್ತಿಸಿಕೊಂಡು ಗದುಗಿಗೆ ಹೋದರು. ನಾನು ರಜೆ ಹೇಳಿ ಲಕ್ಷ್ಮೇಶ್ವರದಲ್ಲಿ ಉಳಿದು, ಸಾಬರ ಅಂಗಡಿಯ ಮುಂದೆ ಒಣಗಿದ ಮಣ್ಣಿನ ಗೊಂಬೆಯಂತೆ ನಿಂತೆ. ಪೇಟೆಗೆ ಹೋಗುವವರು ನೋಡಿಕೊಂಡು ಹೋದರು. ಮಿಸ್ತ್ರಿ ಕನ್ನಡಕ ಹಾಕಿಕೊಂಡರು.

"ಸ್ವಲ್ಪ ತಿರುಗು ಮಗಳ. ಹಾಂ. ಬೆನ್ನಿಗೆ ಏನೂ ಇಲ್ಲ."

"ನಾ ಹಿಂದ ಇದ್ದೆ, ಕಾಕಾ. ಬೆನ್ನಿಗೆ ಹೆಂಗ ಬೀಳ್ತೈತಿ?"

"ಅದೂ ಖರೆ" ಎಂದರು ಗಂಭೀರವಾಗಿ.

ಇಬ್ಬರೂ ನನ್ನ ಸೀರೆಯ ಮೇಲೆ ಬಹಳ ಚರ್ಚೆ ಮಾಡಿದರು. ಸೊಂಟದಿಂದ ಮೇಲಿನ ಮಣ್ಣು ಬಾಲ ಗಿಡ್ಡವಾದದ್ದಕ್ಕೆ, ಎಡಗಡೆಯದು ಮಡ್‌ಗಾರ್ಡ್ ಸೊಟ್ಟಗಾದದ್ದಕ್ಕೆ ಎಂದು ತೀರ್ಮಾನಿಸಿದರು. ಸೊಟ್ಟಗಾದದ್ದು ಅಪ್ಪ ಬಿದ್ದದ್ದರಿಂದ ಎಂದು ಮಿಸ್ತ್ರಿ, ಅವರು ಸರಿಯಾಗಿ ಕೂರಿಸದ್ದರಿಂದ ಎಂದು ಅಪ್ಪ. ಅದು ಕೊನೆಯ ತನಕ ಬಗೆಹರಿಯಲಿಲ್ಲ. ಆದರೆ ಆ ಜಗಳದಲ್ಲೇ ಸರಿಯಾದ ಬಾಲ ಹುಟ್ಟಿತು. ಟಾಯರು ಬಿಟ್ಟು ಟ್ರ್ಯಾಕ್ಟರಿನ ಹಳೆ ಟ್ಯೂಬು ಹಿಡಿದರು. ಅದು ತೆಳ್ಳಗೆ, ಬಗ್ಗುವಂಥದ್ದು. ಮೇಲೆ ಕಿರಿದಾಗಿ, ಕೆಳಗೆ ಕೇರುವ ಮೊರದಂತೆ ಅಗಲವಾಗಿ ಕತ್ತರಿಸಿದರು. ಹಿಂದಕ್ಕೆ ಎಳೆದಾಗ ಗಾಲಿಗೆ ಸಿಗದಿರಲೆಂದು ಒಂದು ಸರಳನ್ನು ಬಗ್ಗಿಸಿ ಅದನ್ನು ಗಾಲಿಯಿಂದ ದೂರ ಹಿಡಿದರು. ತಗಡಿನ ಸದ್ದಿಗೆ ಸರಳುಗಳ ನಡುವೆ ಹಳೆ ಹವಾಯಿ ಚಪ್ಪಲಿಯ ಚೂರು ಸೇರಿಸಬೇಕೆಂದರು ಮಿಸ್ತ್ರಿ. ಮಡಿಯ ಸೈಕಲ್ಲಿಗೆ ಚಪ್ಪಲಿಯೇ ಎಂದು ಅಪ್ಪ ತಡೆದ. "ಯಾರೂ ಮೆಟ್ಟಿಲ್ಲದ ಹೊಸಾದು ತರ್ತೀನಿ" ಎಂದು ಮಿಸ್ತ್ರಿ ಪೇಟೆಗೆ ಹೋಗಿ ಒಂದು ಜೊತೆ ಚಪ್ಪಲಿ ತಂದು, ಅಪ್ಪನೆದುರೇ ಕತ್ತರಿಸಿದರು.

ಸೈಕಲ್ಲು ಮೌನವಾಯಿತು. ಬೆನ್ನು ಬಿಳಿಯಾಗಿ ಉಳಿಯಿತು. ಹಿಂದೆ ನಡೆದವರೂ ಬಿಳಿಯಾಗಿ ಉಳಿದರು. ನಾನೇ ಒಂದು ಭಾನುವಾರ ಹಿಂದೆ ನಡೆದು ನೋಡಿದೆ, ಹಳೆಯ ಸೀರೆ ಉಟ್ಟುಕೊಂಡು. ಅಡರಕಟ್ಟಿಯ ಹೆಂಗಸರು ಮಾತ್ರ ಸದ್ದಿಲ್ಲದೆ ಬರುವ ಪೂಜಾರಿಯನ್ನು ಬೈದರು, ನೈವೇದ್ಯ ತಡವಾಗತೊಡಗಿತು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಶಿರಹಟ್ಟಿಯ ತನಕ ಸುದ್ದಿ ಹೋಗಿತ್ತು. ರೈತರು ಯಾರೂ ಕೇಳಲಿಲ್ಲ, ಹೊಲಕ್ಕೆ ಹೋಗುವವನು ಬೆನ್ನಿನ ರಾಡಿಗೆ ಯಾಕೆ ಅಂಜುತ್ತಾನೆ. ಕೇಳಿಕೊಂಡು ಬಂದವರು ಮಾಸ್ತರರು, ಹಾಲಿನವರು, ಹೆಣ್ಣು ನೋಡಲು ಹೊರಟ ಹುಡುಗರು. ಒಬ್ಬನಂತೂ ತನ್ನ ಸೈಕಲ್ಲಿಗೆ ಹಚ್ಚಿಸುವಷ್ಟು ವೇಳೆ ಇಲ್ಲವೆಂದು ಅಪ್ಪನ ಸೈಕಲ್ಲನ್ನೇ ಕೇಳಿ ಒಯ್ದ. ಹೆಣ್ಣು ಒಪ್ಪಿತು. ಅದನ್ನೂ ಮಿಸ್ತ್ರಿ ತಮ್ಮ ಲೆಕ್ಕಕ್ಕೇ ಸೇರಿಸಿಕೊಂಡರು.

ಆಮೇಲೆ ಸಿಂಗಟಾಲೂರಿನ ಒಬ್ಬ ಮಾಸ್ತರರು ಹೇಳಿ ಕಳಿಸಿದರು. ನಮ್ಮದು ಹೊಳೆಯ ದಂಡೆ, ಮಣ್ಣಿನಲ್ಲಿ ಮರಳೂ ಇದೆ, ನಿಮ್ಮ ಬಾಲ ಇಲ್ಲಿ ನಡೆಯುತ್ತದೆಯೇ ಎಂದು. ಮಿಸ್ತ್ರಿ, "ಮಣ್ಣು ನೋಡದ ಹೇಳಾಕ ಆಗೂದಿಲ್ಲ" ಎಂದರು, ದೊಡ್ಡ ಡಾಕ್ಟರರ ಹಾಗೆ. ಅಪ್ಪ ಒಂದು ದಿನದ ಪೂಜೆಯನ್ನು ದಾಯಾದಿಯೊಬ್ಬನಿಗೆ ಒಪ್ಪಿಸಿದ. ಇಬ್ಬರೂ ಬುತ್ತಿ ಕಟ್ಟಿಕೊಂಡು ಮುಂಡರಗಿಯ ಬಸ್ಸು ಹತ್ತಿದರು. ಅಲ್ಲಿಂದ ಸಿಂಗಟಾಲೂರಿಗೆ ಹೋಗಿ, ಹೊಳೆ ನೋಡಿ, ಮಾಸ್ತರರ ಮನೆಯಲ್ಲಿ ಉಂಡು, ಸಂಜೆ ಬಂದರು. ಅಪ್ಪನ ಟವೆಲಿನಲ್ಲಿ ಒಂದು ದೊಡ್ಡ ಮಣ್ಣಿನ ಹೆಂಟೆ ಇತ್ತು. ದಣಿದಿದ್ದ, ಅದನ್ನು ಹೊಸ್ತಿಲ ಒಳಗೆ ಇಟ್ಟು ಕೈಕಾಲು ತೊಳೆದು ಮಲಗಿಬಿಟ್ಟ.

ಬೆಳಿಗ್ಗೆ ಎದ್ದು ಹುಡುಕಿದರೆ ಹೆಂಟೆ ಇಲ್ಲ. ಅಷ್ಟರಲ್ಲಿ ಮಿಸ್ತ್ರಿ ಬಾಗಿಲಿಗೆ ಬಂದು, "ಅಯ್ಯಾ, ಮಣ್ಣು ತೊಗೊಂಡು ಬಾ, ನೀರು ಹಾಕಿ ನೋಡೂಣು" ಎಂದರು.

ಅಪ್ಪ ಅವ್ವನನ್ನು ಕೇಳಿದ. ಅವ್ವ ದೇವರ ಜಗಲಿಯ ಕಡೆ ಕೈ ಮಾಡಿದಳು. ಹೆಂಟೆ ಅಲ್ಲಿ ಮಣೆಯ ಮೇಲೆ ಕುಳಿತಿತ್ತು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಕಣಗಿಲೆ ಹೂವು. ಮುಂದೆ ಸಕ್ಕರೆಯ ನೈವೇದ್ಯ.

"ಅದು ಗಾಲಿಗೆ ಹಚ್ಚಿ ನೋಡಾಕ ತಂದದ್ದು" ಎಂದ ಅಪ್ಪ.

"ಹೊಳಿ ಗಂಗವ್ವನ ದಂಡಿ ಮಣ್ಣು ಟವೆಲ್ದಾಗ ಕಟ್ಕೊಂಡು ಬಂದ್ರ ನಾ ಏನು ತಿಳೀಲಿ? ಪೂಜಿ ಆಗೇತಿ. ಇನ್ನ ನಾ ಕೊಡೂದಿಲ್ಲ."

ಅಪ್ಪ ಬಾಗಿಲಿಗೆ ಹೋದ.

"ಏನಾತಲೇ, ಮಣ್ಣು ಎಲ್ಲೈತಿ?" ಎಂದರು ಮಿಸ್ತ್ರಿ.

"ಕುಂಕುಮ ಹಚ್ಚಿಸ್ಕೊಂಡು ಕುಂತೈತಿ" ಎಂದ ಅಪ್ಪ. "ಮತ್ತ ಬಸ್ಸು ಎಷ್ಟೊತ್ತಿಗೆ ಐತಿ?"

ಇಬ್ಬರೂ ಎರಡನೆಯ ಸಲ ಹೋಗಿ ಬಂದರು. ಆ ಸಲ ಹೆಂಟೆಯನ್ನು ಮನೆಯೊಳಗೆ ತರಲಿಲ್ಲ, ನೇರ ಅಂಗಡಿಯಲ್ಲೇ ಇಳಿಸಿದರು.